ಬಸವಣ್ಣ, ಎಂ.ಎ.

ನಮ್ಮ ಮೇಷ್ಟ್ರ ಕೈಗೆ ಫೋನು ಕೊಡಬಾರದು. ಎದುರಿಗೆ ಮನುಷ್ಯ ಕೂತಿದ್ದರೆ ಎರಡು ಮಾತಿನಲ್ಲಿ ಮುಗಿಸುವವರು, ಫೋನು ಸಿಕ್ಕಿತೆಂದರೆ ಒಂದು ಪೀರಿಯಡ್ಡು ಪಾಠ ಮಾಡುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ರಿಟೈರಾದವರು. ಸೀಮೆಸುಣ್ಣ ಕೈ ಬಿಟ್ಟಿತು, ಪಾಠ ಮಾತ್ರ ಬಾಯಿ ಬಿಡಲಿಲ್ಲ. ಹೆಸರು ವಾಮದೇವಪ್ಪ. ಗಂಡನ ಹೆಸರನ್ನು ಹೇಳಬಾರದು ಅಂತ ನಮ್ಮ ಕಡೆ ಪದ್ಧತಿ. ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ, ಅದಕ್ಕೆ ಒಂದು ಸಲ ಬರೆದಿದ್ದೇನೆ, ಇನ್ನು ಮೇಲೆ ಮೇಷ್ಟ್ರು ಅಂತಲೇ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಗೇಟಿನ ಕಲ್ಲಿನ ಮೇಲೆ ಅವರ ಹೆಸರು ಕೆತ್ತಿದೆ, ಹೆಸರಿನ ಪಕ್ಕದಲ್ಲಿ ಹೆಸರಿಗಿಂತ ದಪ್ಪಗೆ ಎಂ.ಎ. ಅಂತಲೂ ಇದೆ. ಆ ಎಂ.ಎ.ಗೆ ಅವರು ಮೂರು ಸಲ ಪರೀಕ್ಷೆಗೆ ಕೂತಿದ್ದರು. ಅದನ್ನು ಕಲ್ಲಿನ ಮೇಲೆ ಕೆತ್ತಿಸಿಲ್ಲ.

ನನ್ನ ಹೆಸರು ಬಸವಣ್ಣೆಮ್ಮ. ದಾವಣಗೆರೆ ಸೀಮೆಯಲ್ಲಿ ಇದೇನು ಅಪರೂಪದ ಹೆಸರಲ್ಲ, ಸಂತೆಯಲ್ಲಿ ನಿಂತು ಕೂಗಿದರೆ ಇಬ್ಬರಾದರೂ ಓ ಅನ್ನುತ್ತಾರೆ. ಸೀಮೆ ದಾಟಿದರೆ ಮಾತ್ರ ಜನ ತಡವರಿಸುತ್ತಾರೆ. ವೋಟಿನ ಪಟ್ಟಿಯಲ್ಲಿ ನಾನು ಬಸಮ್ಮ. ಪೋಸ್ಟಾಫೀಸಿನ ಪಾಸ್‌ಬುಕ್ಕಿನಲ್ಲಿ ಬಸವಮ್ಮ. ಮನೆ, ನಲ್ಲಿ, ಗ್ಯಾಸು, ಕರೆಂಟು ಎಲ್ಲ ಮೇಷ್ಟ್ರ ಹೆಸರಿನಲ್ಲಿವೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸರಕಾರಿ ಕಾಗದದಲ್ಲಿ ನನ್ನ ಹೆಸರು ಒಂದಕ್ಷರವೂ ತಪ್ಪದೆ ಇದ್ದದ್ದು ಒಂದೇ ಕಡೆ, ನನ್ನ ಲಗೇಜ್ ಆಟೋದ ಆರ್.ಸಿ. ಪುಸ್ತಕದಲ್ಲಿ. ಅದನ್ನು ನಾನು ದೇವರ ಕೋಣೆಯಲ್ಲಿ ಇಡುತ್ತಿದ್ದೆ. ನಗುವವರು ನಗಲಿ.

ಆಟೋ ಬಂದದ್ದು ರೊಟ್ಟಿಯಿಂದ. ನಮ್ಮ ಹಿತ್ತಲ ಪಡಸಾಲೆಯಲ್ಲಿ ನಾನೂ ಇನ್ನೂ ನಾಲ್ಕು ಜನ ಹೆಣ್ಣುಮಕ್ಕಳೂ ಕೂತು ಜೋಳದ ರೊಟ್ಟಿ ಬಡಿಯುತ್ತೇವೆ. ಮೊದಮೊದಲು ಎಂ.ಸಿ.ಸಿ. ಬಡಾವಣೆಯ ಖಾನಾವಳಿಗಳಿಗೆ ಸೈಕಲ್ಲಿನ ಮೇಲೆ ಹೋಗುತ್ತಿತ್ತು, ಮದುವೆ ಮನೆಗಳಿಂದ ಕೇಳುವುದಕ್ಕೆ ಶುರುವಾದ ಮೇಲೆ ಸೈಕಲ್ಲು ಸಾಲಲಿಲ್ಲ. ಹಳೇ ಲಗೇಜ್ ಆಟೋ ಒಂದು ಮಾರಾಟಕ್ಕೆ ಬಂತು, ಕೊಂಡೆ. ಡ್ರೈವರು ಸಿಕ್ಕವನು ರೊಟ್ಟಿ ಮೆತ್ತಗಾಗುವ ತನಕ ಚಾ ಅಂಗಡಿಯಲ್ಲಿ ಕೂರುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನನ್ನು ಬಿಡಿಸಿ ನಾನೇ ಕಲಿತೆ. ಲೈಸೆನ್ಸಿಗೆ ಆಟೋದಲ್ಲಿ ಎಂಟು ಹಾಕಿಸುವಾಗ ಇನ್ಸ್‌ಪೆಕ್ಟರು ನಕ್ಕರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಟು ಹಾಕಿದೆ, ಚುಕ್ಕಿ ಇಟ್ಟು ರಂಗೋಲಿ ಎಳೆದು ಬೆಳೆದವಳಿಗೆ ಎಂಟು ಒಂದು ದೊಡ್ಡದೆ? ಆಮೇಲೆ ಅವರು ನಗಲಿಲ್ಲ.

ಇದೆಲ್ಲ ಹೇಳಿದ್ದು ತೊಂಬತ್ತೊಂಬತ್ತನೇ ಇಸವಿಯ ಒಂದು ಶುಕ್ರವಾರದ ಕತೆ ಹೇಳುವುದಕ್ಕೆ. ಹರಿಹರದ ಒಂದು ಫ್ಯಾಕ್ಟರಿಯ ಕ್ಯಾಂಟೀನಿನವರು ನಮ್ಮ ರೊಟ್ಟಿ ತಿಂದು ಮೆಚ್ಚಿ, ಸೋಮವಾರದಿಂದ ದಿನಾಲೂ ಬೇಕು ಅಂದಿದ್ದರು. ಮದುವೆ ರೊಟ್ಟಿ ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಫ್ಯಾಕ್ಟರಿಯ ರೊಟ್ಟಿ ಅಂದರೆ ವರ್ಷವಿಡೀ ನಾಲ್ಕು ಮನೆಗಳ ಒಲೆ ಉರಿಯುತ್ತದೆ. ಅವರದು ಒಂದೇ ಷರತ್ತು. ಗಾಡಿ ಗೇಟಿನೊಳಗೆ ಬರಬೇಕಾದರೆ ಪಾಸು ಬೇಕು, ಪಾಸಿಗೆ ಆರ್.ಸಿ., ಇನ್ಶೂರೆನ್ಸು, ಹೊಸ ಟ್ಯಾಕ್ಸ್ ಕಾರ್ಡು ಮೂರೂ ಬೇಕು, ಮೂರೂ ರೊಟ್ಟಿ ಕೊಡುವವರ ಹೆಸರಿನಲ್ಲೇ ಇರಬೇಕು. ಶುಕ್ರವಾರ ಸಂಜೆ ಐದಕ್ಕೆ ಫ್ಯಾಕ್ಟರಿಯ ಸೈರನ್ನಿನ ಕೂಗು ಆಗುವುದರೊಳಗೆ ತರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಅಂದಿದ್ದರು. ಬೇರೆಯವರು ಯಾರು ಅಂತಲೂ ನನಗೆ ಗೊತ್ತಿತ್ತು. ಅವರ ರೊಟ್ಟಿ ಮುರಿದರೆ ಮುರಿಯುವುದಿಲ್ಲ, ಎಳೆದರೆ ಹರಿಯುವುದಿಲ್ಲ.

ಟ್ಯಾಕ್ಸು ಕಟ್ಟುವುದಕ್ಕೂ ಅವತ್ತೇ ಕೊನೇ ದಿನ. ಟ್ಯಾಕ್ಸು ಕಟ್ಟಬೇಕಾದರೆ ಹೊಸ ಇನ್ಶೂರೆನ್ಸು ತೋರಿಸಬೇಕು. ಹರಿಹರದ ಹಿದಾಯತ್ ಅನ್ನುವ ಏಜೆಂಟರು ವರ್ಷಾ ವರ್ಷಾ ನಮ್ಮ ಆಟೋದ ಇನ್ಶೂರೆನ್ಸು ಮಾಡಿಸಿಕೊಡುತ್ತಿದ್ದರು. ಆ ವರ್ಷ ಬಂದವರು ಹೊಸ ಸುದ್ದಿ ತಂದರು.

"ಅಮ್ಮಾ, ಈಗ ಎಲ್ಲಾ ಕಂಪ್ಯೂಟರ್ ಆಗೈತೆ. ಹುಬ್ಳಿಯಾಗೆ ಹೆಸ್ರು ಹೊಡೀತಾರೆ, ಹರಿಹರದಾಗೆ ಕಾಗ್ದ ಬೀಳ್ತೈತೆ. ಇದಕ್ಕೆ ಆನ್‌ಲೈನ್ ಅಂತಾರೆ."

"ಯಾವ ಲೈನಿನಾಗೆ ನಿಲ್ಬೇಕು?" ಅಂತ ಕೇಳಿದೆ.

"ನಿಲ್ಲಂಗೇ ಇಲ್ಲಮ್ಮ, ಅದೇ ಅದರ ಖೂಬಿ. ಹಳೇ ರಿಜಿಸ್ಟರಿನ ಕೈಬರಹ ಅವ್ರಿಗೆ ಓದಕ್ಕೆ ಬರ್ತಿಲ್ವಂತೆ. ಒಂದು ಫೋನ್ ಮಾಡಿ ಹೆಸ್ರು, ಗಾಡಿ ನಂಬರು ಸರಿಯಾಗಿ ಹೇಳ್ಬಿಡ್ರಿ, ಸಾಕು."

ನಾನು ಹೆಂಚಿನ ಮುಂದೆ ಕೂತಿದ್ದೆ, ಕೈಯೆಲ್ಲ ಹಿಟ್ಟು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಎಸ್.ಟಿ.ಡಿ. ಬೂತಿಗೆ ಹೋದರು. ಹೋದವರು ಬಹಳ ಹೊತ್ತಿಗೆ ಬಂದರು, ಮುಖ ಅರಳಿತ್ತು. "ಎಷ್ಟು ಚೆನ್ನಾಗಿ ಕೇಳಿಸ್ಕೊಂತಾರೆ ಹುಬ್ಳಿ ಕಡೆ ಜನ" ಅಂದರು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು.

ಗುರುವಾರ ಹಿದಾಯತ್ ಕಾಗದ ತಂದುಕೊಟ್ಟರು. ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದ ಉದ್ದನೆ ಹಾಳೆ. ಮೇಷ್ಟ್ರು ಆ ತೂತುಗಳನ್ನೇ ಬೆರಳಿನಿಂದ ಸವರಿ, ನಾಜೂಕಾಗಿ ಮಡಿಸಿ ಆರ್.ಸಿ. ಪುಸ್ತಕದೊಳಗೆ ಇಟ್ಟರು. ಅದರಲ್ಲಿ ಏನು ಬರೆದಿದೆ ಅಂತ ಇಬ್ಬರೂ ಓದಲಿಲ್ಲ. ಕಂಪ್ಯೂಟರು ತಪ್ಪು ಮಾಡುವುದಿಲ್ಲ ಅಂತ ಆಗ ಊರೆಲ್ಲ ನಂಬಿತ್ತು, ನಾವೂ ನಂಬಿದ್ದೆವು.

ಶುಕ್ರವಾರ ಬೆಳಿಗ್ಗೆ ಟ್ಯಾಕ್ಸ್ ಆಫೀಸಿನಲ್ಲಿ ಕೌಂಟರಿನ ಹಿಂದೆ ಸಣ್ಣಬೀರಪ್ಪ ಅನ್ನುವ ಗುಮಾಸ್ತರು ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಓದುವ ಮನುಷ್ಯ. ಎಲ್ಲರ ಕಾಗದವನ್ನೂ ಮೊದಲಿನಿಂದ ಕೊನೆಯ ತನಕ ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದರು. ನಮ್ಮದನ್ನೂ ಓದಿದರು. ಆರ್.ಸಿ. ನೋಡಿದರು, ಇನ್ಶೂರೆನ್ಸು ನೋಡಿದರು, ಮತ್ತೆ ಆರ್.ಸಿ. ನೋಡಿದರು.

"ಅಮ್ಮಾ, ಈ ಬಸವಣ್ಣ ಯಾರು?"

"ಯಾವ ಬಸವಣ್ಣ?"

"ಇಲ್ಲಿ ಐತಲ್ರಿ, ಶ್ರೀ ಬಸವಣ್ಣ, ಎಂ.ಎ." ಅಂತ ಹಾಳೆ ತಿರುಗಿಸಿ ತೋರಿಸಿದರು. ಗಾಡಿ ನಂಬರು ನನ್ನದು, ಮನೆ ವಿಳಾಸ ನನ್ನದು. ಹೆಸರಿನ ಜಾಗದಲ್ಲಿ ಮಾತ್ರ ಯಾರೋ ಓದಿದ ಗಂಡಸು ಬಂದು ಕೂತಿದ್ದ.

ಲೈನಿನಲ್ಲಿ ನಿಂತವರು ನಕ್ಕರು. "ಗಾಡಿ ರೊಟ್ಟಿದು, ಇನ್ಶೂರೆನ್ಸು ಪ್ರೊಫೆಸರ್ದು" ಅಂದರು ಯಾರೋ. ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು.

"ಫೋನಿನಾಗೆ ನಿಮ್ಮ ಹೆಸರು ಹೇಳಿದ್ರಾ?"

"ಪರಿಚಯ ಮಾಡ್ಕೊಬೇಕಲ್ಲ, ಹೇಳಿದೆ."

"ಎಂ.ಎ. ಅಂತಾನೂ ಹೇಳಿದ್ರಾ?"

"ಅಭ್ಯಾಸಬಲ" ಅಂದರು, ತಗ್ಗಿದ ದನಿಯಲ್ಲಿ.

ಸಣ್ಣಬೀರಪ್ಪನವರು ಕಾಗದಗಳನ್ನು ಜೋಡಿಸಿ ವಾಪಸ್ ಕೊಟ್ಟರು. "ನಂಬರು ಸರಿ ಐತೆ, ಆದ್ರೆ ಹೆಸರು ಬ್ಯಾರೆ ಐತೆ, ತಗಳಕ್ಕೆ ಬರಲ್ಲಮ್ಮ. ಮತ್ತೆ ಇದು ಆನ್‌ಲೈನ್ ಆಗ್ಲಿ, ಯಾವ ಲೈನಾರ ಆಗ್ಲಿ, ಒಂದು ಸೀಲು, ಒಂದು ಸಹಿ ಬೇಕು. ಇವತ್ತು ಕೊನೇ ದಿನ, ಅದಕ್ಕೆ ಕ್ಯಾಶು ಮೂರರ ತನಕ ಇರ್ತೈತೆ. ಸರಿ ಮಾಡಿಸ್ಕೊಂಡು ಬರ್ರಿ."

ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುವವನೊಬ್ಬ ಕೂತಿದ್ದ. ಒಳಗಿನ ಮಾತೆಲ್ಲ ಅವನಿಗೆ ಆಗಲೇ ತಲುಪಿತ್ತು. "ಯಾಕ್ರಿ ಇಷ್ಟು ತಾಪತ್ರಯ? ಗಾಡೀನ ಯಜಮಾನ್ರ ಹೆಸರಿಗೆ ಮಾಡಿಸಿಬಿಡ್ರಿ. ಹೆಣ್ಮಕ್ಕಳ ಹೆಸರು ಅಂದ್ರೆ ಕಾಗದದಾಗೆ ಹಿಂಗೆ ತೊಡಕೇ. ನಾನು ಬರ್ಕೊಡ್ತೀನಿ" ಅಂದ.

ಮೇಷ್ಟ್ರು "ಮುಂದೆ ಬೇಕಾದ್ರೆ ನೋಡಬಹುದು, ಅದೂ ಒಂದು ದಾರಿ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ನನ್ನ ತಿರುಗಾಟ ತಪ್ಪಲಿ ಅಂತ ಅಂದದ್ದು. ಆದರೂ ನನಗೆ ರೇಗಿತು. ಹೆಸರು ತಪ್ಪಾಗಿ ಬರೆದದ್ದು ಯಾರೋ, ಅದಕ್ಕೆ ಹೆಸರನ್ನೇ ತೆಗೆದುಹಾಕು ಅನ್ನುವುದು ಯಾವ ನ್ಯಾಯ? ಮೂಗು ಸೋರುತ್ತದೆ ಅಂತ ಮೂಗು ಕೊಯ್ಯುತ್ತಾರಾ?

"ದಾರಿ ಹರಿಹರಕ್ಕೆ ಐತೆ. ಹತ್ರಿ ಗಾಡಿ" ಅಂದೆ.

ಲಗೇಜ್ ಆಟೋದ ಮುಂದೆ ಡ್ರೈವರಿನ ಪಕ್ಕದಲ್ಲಿ ಇರುವುದು ಗೇಣಗಲ ಜಾಗ. ಮೇಷ್ಟ್ರು ತೆಳ್ಳಗಿರುವುದು ಅದೊಂದಕ್ಕೆ ಅನುಕೂಲ. ಹಳೇ ಪಿ.ಬಿ. ರಸ್ತೆಯಲ್ಲಿ ದೊಡ್ಡಬಾತಿ ಗುಡ್ಡ ಬರುವ ತನಕ ನಾನು ಬೈದೆ, ಗುಡ್ಡ ದಾಟಿದ ಮೇಲೆ ನಗು ಬಂತು.

"ನೀವು ಮೂರು ಸಲ ಕೂತು ತಗೊಂಡಿದ್ದನ್ನ ನಾನು ಒಂದೇ ಫೋನಿಗೆ ತಗೊಂಡೆ ನೋಡ್ರಿ" ಅಂದೆ.

"ಎರಡೇ ಸಲ" ಅಂದರು. "ಮೊದಲನೇ ಸಲ ಜ್ವರ ಬಂದಿತ್ತು, ಅದು ಲೆಕ್ಕಕ್ಕಿಲ್ಲ."

ಎದುರಿಗೆ ಕಬ್ಬಿನ ಲಾರಿ ಬರುತ್ತಿತ್ತು, ಅದಕ್ಕೆ ದಾರಿ ಬಿಟ್ಟು ನಕ್ಕೆ. ಒಳಗೊಳಗೇ ಹೆದರಿಕೆಯೂ ಇತ್ತು. ಹಿಂದಿನ ದಿನವೇ ರೊಟ್ಟಿ ಬಡಿಯುವ ನಾಲ್ಕೂ ಜನಕ್ಕೆ ಸೋಮವಾರ ಬೆಳಗಿನ ಜಾವವೇ ಬನ್ನಿ ಅಂತ ಹೇಳಿಬಿಟ್ಟಿದ್ದೆ. ಅವರಲ್ಲಿ ಚೌಡವ್ವ ಆಗಲೇ ಬೇರೆ ಮನೆಯ ಕೆಲಸ ಬಿಟ್ಟು ಬಂದಿದ್ದಳು. ಇಲ್ಲ ಅಂತ ಅವಳಿಗೆ ಹೇಗೆ ಹೇಳುವುದು ಅನ್ನುವುದನ್ನು ಯೋಚಿಸುವುದಕ್ಕೂ ನನಗೆ ಮನಸ್ಸಿರಲಿಲ್ಲ.

ಹರಿಹರದ ಇನ್ಶೂರೆನ್ಸ್ ಆಫೀಸು ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿತ್ತು. ಒಂದು ಮೂಲೆಯಲ್ಲಿ ಕಂಪ್ಯೂಟರು, ಅದಕ್ಕೆ ಗುಲಾಬಿ ಬಟ್ಟೆಯ ಮುಸುಕು, ಪಕ್ಕದಲ್ಲಿ ಪ್ರಿಂಟರು, ಅದರ ಪಕ್ಕದಲ್ಲಿ ಫೋನು. ಹಿದಾಯತ್ ಅಲ್ಲೇ ಇದ್ದರು. ಹಾಳೆ ನೋಡಿ ಹಣೆ ಬಡಿದುಕೊಂಡರು.

"ತೋಬಾ ತೋಬಾ. ಇಲ್ಲಿ ತಿದ್ದಂಗಿಲ್ಲಮ್ಮ, ಹುಬ್ಳಿಯಾಗೇ ತಿದ್ದಬೇಕು. ತಡೀರಿ, ಫೋನ್ ಹಚ್ಚಿ ಕೊಡ್ತೀನಿ."

ಫೋನು ಸಿಕ್ಕುವುದಕ್ಕೆ ಸಾಕಷ್ಟು ಹೊತ್ತಾಯಿತು. ಸಿಕ್ಕ ಕೂಡಲೇ ಮೇಷ್ಟ್ರು ಕೈ ಚಾಚಿದರು. ನಾನು ರಿಸೀವರನ್ನು ಎದೆಗೆ ಒತ್ತಿ ಹಿಡಿದುಕೊಂಡೆ. "ಈ ಸಲ ಬ್ಯಾಡ. ಹೆಸರು ನಂದು, ನಾನೇ ಹೇಳ್ತೀನಿ."

ಆ ಕಡೆ ಒಬ್ಬ ಹೆಣ್ಣುಮಗಳು, ಎಳೆಯ ದನಿ. ಹೆಸರು ಮೆಹರ್ ಬಾನು ಅಂತ, ಅಲ್ಲಿ ಹೆಸರುಗಳನ್ನು ಕಂಪ್ಯೂಟರಿಗೆ ಹೊಡೆಯುವ ಕೆಲಸದವಳು. ಗಾಡಿ ನಂಬರು ಹೇಳಿದ ಕೂಡಲೇ, "ಹಾಂ, ಬಸವಣ್ಣ ಎಂ.ಎ. ಅವರದಲ್ರಿ? ಅವರಿಗೆ ಆರಾಮ ಐತೇನ್ರಿ?" ಅಂದಳು.

"ಅಂಥೋರು ಯಾರೂ ಇಲ್ಲ ತಾಯಿ, ಆ ಗಾಡಿ ನಂದು, ನಾನು ಬಸವಣ್ಣೆಮ್ಮ. ಎಂ.ಎ. ಅಂತ ಯಾಕ ಹಾಕಿದಿ? ನಮ್ಮೋರು ತಮ್ಮ ಡಿಗ್ರಿ ಹೇಳ್ಕೊಂಡಿದ್ದು ಕೇಳಿ ಹಾಕಿದ್ಯಾ?"

"ಅಲ್ರಿ ಅಕ್ಕಾರ, ಅವರ ಡಿಗ್ರಿ ನಾ ಹಾಕಿಲ್ಲ. ಗಾಡಿ ಮಾಲಕರ ಹೆಸರು ಹೇಳ್ರಿ ಸರ್ ಅಂದೆ. ಅವರು ಬಿಡಿಸಿ ಹೇಳ್ತೀನಿ ಬರ್ಕೋರಿ ಅಂದ್ರು. ಬಸವಣ್ಣ ಅಂದ್ರು. ಬರ್ಕೊಂಡೆ. ಆಮ್ಯಾಲೆ ಅಧಿಕ ಅಂದ್ರು. ಆಮ್ಯಾಲೆ ಎಂ.ಎ. ಅಂದ್ರು. ಮುಂದಿಂದು ಲೈನಿನ ಸದ್ದಿನಾಗ ಕೇಳಲಿಲ್ಲ. ಅಧಿಕ ಅಂದ್ರ ಇನ್ನೊಂದು ಹೆಚ್ಚು ಕಲ್ತಾರ ಅಂತ ತಿಳ್ಕೊಂಡೆ."

ನಾನು ರಿಸೀವರು ಹಿಡಿದುಕೊಂಡೇ ಮೇಷ್ಟ್ರನ್ನು ನೋಡಿದೆ. "ರೀ, ಫೋನಿನಾಗೆ ನನ್ನ ಹೆಸರು ಹೆಂಗೆ ಹೇಳಿದ್ರಿ, ಈಗ ಹಂಗೇ ಹೇಳ್ರಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಎದುರಿಗೆ ಎಂಟನೇ ಕ್ಲಾಸು ಕೂತಿದೆಯೇನೋ ಅನ್ನುವ ಹಾಗೆ ತೋರುಬೆರಳು ಎತ್ತಿದರು. "ಬಸವಣ್ಣ, ಅಧಿಕ, ಎಮ್ಮ, ಸಮ, ಬಸವಣ್ಣೆಮ್ಮ. ಲೋಪಸಂಧಿ."

ಹಿದಾಯತ್ ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿದ್ದ ಮ್ಯಾನೇಜರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಫೋನಿನಲ್ಲಿ ಹುಬ್ಬಳ್ಳಿಯೂ ನಗುತ್ತಿತ್ತು. ಇನ್ಶೂರೆನ್ಸಿನವರಿಗೆ ಟ್ರಂಕ್ ಕಾಲ್ ಮಾಡುವಷ್ಟು ದೂರದಿಂದ ಸಂಧಿ ಬಿಡಿಸಿ ತೋರಿಸಿದ ಮನುಷ್ಯ ಕರ್ನಾಟಕದಲ್ಲಿ ಇವರೊಬ್ಬರೇ ಇರಬೇಕು.

"ನಾನು ಡಿಗ್ರಿ ಹೇಳಿದ್ದಕ್ಕೆ ಆಗಿದ್ದಲ್ಲ, ನೋಡಿದ್ಯಾ?" ಅಂದರು ಮೇಷ್ಟ್ರು. ಅವರಿಗೆ ಅದೇ ದೊಡ್ಡ ಸಮಾಧಾನ. "ಸಂಧಿ ಸರಿಯಾಗೇ ಬಿಡಿಸಿದೀನಿ. ಕೇಳಿಸ್ಕೊಂಡೋರು ಕೂಡಿಸ್ಲಿಲ್ಲ, ಅಷ್ಟೇ."

ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಕರಗಿತು. ದೊಡ್ಡಸ್ತಿಕೆ ಕೊಚ್ಚಿಕೊಂಡು ಕೆಡಿಸಿದ್ದಾರೆ ಅಂತ ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಈ ಮನುಷ್ಯ ಒಂದಕ್ಷರವೂ ತಪ್ಪಬಾರದು ಅಂತ ನನ್ನ ಹೆಸರನ್ನು ಬಿಡಿಸಿ, ಕೂಡಿಸಿ ಹೇಳಿದ್ದರು. ಪ್ರೀತಿ ಅಂದರೆ ಕೆಲವರು ಹೂವು ತರುತ್ತಾರೆ, ನಮ್ಮ ಮನೆಯಲ್ಲಿ ವ್ಯಾಕರಣ.

ಆದರೆ ಕೆಲಸ ಮುಗಿದಿರಲಿಲ್ಲ. ಮೆಹರ್ ಬಾನು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿ ಅಂದಳು. ಲೈನಿನಲ್ಲಿ ಮಳೆ ಸುರಿದಂತೆ ಸದ್ದು, ಎಂ ಅಂದರೆ ಎನ್ ಕೇಳುತ್ತಿತ್ತು, ಬಿ ಅಂದರೆ ಡಿ ಕೇಳುತ್ತಿತ್ತು. ಓದಿದವರು ಇಂಥ ಕಡೆ ಊರಿನ ಹೆಸರು ಹಚ್ಚಿ ಹೇಳುತ್ತಾರಂತೆ, ಬಿ ಫಾರ್ ಬಾಂಬೆ ಅಂತ. ನಾನು ಬಾಂಬೆ ನೋಡಿಲ್ಲ. ನಾನು ನೋಡಿದ್ದು ನನ್ನ ಅಡುಗೆಮನೆ.

"ರೀ, ನೀವು ಆರ್.ಸಿ. ನೋಡಿ ಅಕ್ಷರ ಹೇಳ್ರಿ, ನಾನು ಫೋನಿನಾಗೆ ಹೇಳ್ತೀನಿ" ಅಂದೆ. ಮೇಷ್ಟ್ರು ಪುಸ್ತಕ ತೆರೆದು ಬೆರಳಿಟ್ಟರು.

"ಬಿ" ಅಂದರು ಮೇಷ್ಟ್ರು.

"ಬೆಣ್ಣೆ ಬಿ" ಅಂದೆ ನಾನು.

"ಎ."

"ಅಕ್ಕಿ ಎ."

"ಎಸ್."

"ಸಜ್ಜೆ ಎಸ್. ಮತ್ತೆ ಅಕ್ಕಿ ಎ. ವಡೆ ವಿ. ಇನ್ನೊಂದು ಅಕ್ಕಿ."

"ಎನ್, ಎರಡು ಸಲ."

"ನವಣೆ, ನವಣೆ. ಎರಡು ಸೇರು ನವಣೆ ಹಾಕವ್ವ."

"ಇ."

"ಎಳ್ಳು ಇ."

"ಎಂ, ಎರಡು."

"ಮಂಡಕ್ಕಿ, ಮಂಡಕ್ಕಿ. ಕಡೇಗೆ ಒಂದು ಅಕ್ಕಿ. ಅಲ್ಲಿಗೆ ಮುಗೀತು, ಅದರ ಮುಂದೆ ಏನೂ ಹಾಕಬ್ಯಾಡ, ಉಪ್ಪು ಸಹ ಬ್ಯಾಡ."

ಆ ಕಡೆಯಿಂದ ಮೆಹರ್ ಬಾನು ಬೆಣ್ಣೆಯಿಂದ ಹಿಡಿದು ಕೊನೆಯ ಅಕ್ಕಿಯ ತನಕ ಎಲ್ಲವನ್ನೂ ವಾಪಸ್ ಒಪ್ಪಿಸಿದಳು, ಒಂದು ಕಾಳು ಹೆಚ್ಚುಕಮ್ಮಿಯಿಲ್ಲ. "ಶ್ರೀ ತಗದು ಶ್ರೀಮತಿ ಮಾಡೀನ್ರಿ ಅಕ್ಕಾರ. ಭಾಳ ಹಸಿವಾತು ನಿಮ್ಮ ಹೆಸರು ಹೊಡದು" ಅಂದಳು.

"ಹರಿಹರದ ಕಡೆ ಬಂದ್ರೆ ದಾವಣಗೆರೆಗೂ ಬಾರವ್ವ, ಬಿಸಿ ರೊಟ್ಟಿ ಹಾಕ್ತೀನಿ" ಅಂದೆ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನನ್ನ ಕೈಯಿಂದ ರಿಸೀವರು ತೆಗೆದುಕೊಂಡು ಆ ಹುಡುಗಿಗೆ ಕೃತಜ್ಞತೆ ಹೇಳಲು ಶುರುಮಾಡಿದರು. ಹುಬ್ಬಳ್ಳಿಯ ಕನ್ನಡವನ್ನು ಹೊಗಳಿದರು, ಆಗಮಸಂಧಿ ಕಡೆಗೆ ಹೊರಟಿದ್ದರು. ಪ್ರಿಂಟರು ಮಾತ್ರ ಸುಮ್ಮನೆ ಕೂತಿತ್ತು.

"ಸಾರ್, ಫೋನ್ ಇಡ್ರಿ" ಅಂದರು ಹಿದಾಯತ್. "ಇರೋದು ಒಂದೇ ಲೈನು. ಕಾಗ್ದಾನೂ ಅದರಾಗೇ ಬರ್ಬೇಕು. ಮಾತು ನಡೆದ್ರೆ ಕಾಗ್ದ ಬರಲ್ಲ."

ಆನ್‌ಲೈನ್ ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು, ಮೇಷ್ಟ್ರು ಬಾಯಿ ಮುಚ್ಚಿಕೊಳ್ಳುವುದು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ದಾಟಿತ್ತು. ನಾನೇ ಹೋಗಿ ಫೋನಿನ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಹಿದಾಯತ್ ಏನೋ ಒತ್ತಿದರು, ಫೋನಿನ ಡಬ್ಬದಿಂದ ಕೊಕ್ಕರೆ ಕೂಗಿದಂತೆ ಸದ್ದು ಬಂತು, ಎಲ್ಲರೂ ಪ್ರಿಂಟರಿನ ಸುತ್ತ ಬಗ್ಗಿ ನಿಂತೆವು. ಅದು ಕರ್ ಕರ್ ಅಂತ ಅಡ್ಡಡ್ಡ ಓಡಿ ಒಂದೊಂದೇ ಸಾಲು ಬರೆಯಿತು. ಬಸವಣ್ಣೆಮ್ಮ ಅಂತ ಬಂದಾಗ ಮ್ಯಾನೇಜರು ಸೀಲಿಗೆ ಆಗಲೇ ಶಾಯಿ ಹಚ್ಚಿಕೊಂಡು ನಿಂತಿದ್ದರು.

ಈ ಸಲ ನಾನು ಹಾಳೆಯನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಮೇಷ್ಟ್ರಿಗೂ ಓದಿಸಿದೆ.

ದಾವಣಗೆರೆಗೆ ವಾಪಸ್ ಹೋಗುವಾಗ ಆಟೋ ಓಡಿಸಿದ್ದು ನಾನೋ ಗಾಳಿಯೋ ಗೊತ್ತಿಲ್ಲ. ಟ್ಯಾಕ್ಸ್ ಆಫೀಸಿನ ಕೌಂಟರಿನಲ್ಲಿ ಸಣ್ಣಬೀರಪ್ಪನವರು ಕ್ಯಾಶಿನ ಕಟ್ಟಿಗೆ ರಬ್ಬರು ಸುತ್ತುತ್ತಿದ್ದರು. ನನ್ನನ್ನು ನೋಡಿ ರಬ್ಬರು ಬಿಚ್ಚಿದರು. ಹಾಳೆಯನ್ನು ತುಟಿ ಅಲ್ಲಾಡಿಸಿಕೊಂಡು ಓದಿದರು, ಆರ್.ಸಿ.ಯ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು, ಸೀಲನ್ನು ಬೆಳಕಿಗೆ ಹಿಡಿದರು. ಆಮೇಲೆ ತಲೆ ಎತ್ತಿ, "ಎಂ.ಎ. ಎಲ್ಲಿ ಹೋಯ್ತಮ್ಮ?" ಅಂದರು.

"ಮೇಷ್ಟ್ರಿಗೆ ವಾಪಸ್ ಕೊಟ್ಟೆ. ಅವರಿಗೊಂದೇ ಇದ್ದಿದ್ದು" ಅಂದೆ.

ಸಣ್ಣಬೀರಪ್ಪನವರು ನಕ್ಕಿದ್ದನ್ನು ಆ ಆಫೀಸಿನವರು ಮೊದಲ ಸಲ ನೋಡಿದ್ದಿರಬೇಕು, ಪಕ್ಕದ ಕೌಂಟರಿನವರು ಇಣುಕಿ ನೋಡಿದರು. ಟ್ಯಾಕ್ಸ್ ಕಾರ್ಡಿನ ಮೇಲೆ ಠಸ್ಸೆ ಬಿತ್ತು. ಬೇವಿನ ಮರದ ಕೆಳಗಿನವನು ನಮ್ಮನ್ನು ನೋಡಿ ಪೆನ್ನು ತೆಗೆದ, ನಾನು ಕಾರ್ಡು ತೋರಿಸಿದೆ, ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮತ್ತೆ ಅದೇ ರಸ್ತೆ ಹಿಡಿದೆವು. ನಾನು ಹ್ಯಾಂಡಲ್ಲು ಹಿಡಿದಿದ್ದೆ, ಮೇಷ್ಟ್ರು ನನ್ನ ಬಾಯಿಗೆ ಮಂಡಕ್ಕಿ ಹಾಕುತ್ತಿದ್ದರು. ಬಸ್ಸಿನ ಕಿಟಕಿಯಿಂದ ಜನ ನೋಡಿದರು. ನೋಡಲಿ ಬಿಡಿ, ಈ ವಯಸ್ಸಿನಲ್ಲಿ ಇನ್ನು ನಾಚಿಕೆ ಯಾಕೆ? ದೊಡ್ಡಬಾತಿ ಗುಡ್ಡದ ಹತ್ತಿರ ಬಿಸಿಲು ಇಳಿದು ಜೋಳದ ಹೊಲಗಳೆಲ್ಲ ಹೊಳೆಯುತ್ತಿದ್ದವು. ಇದರಲ್ಲಿ ಎಷ್ಟು ರೊಟ್ಟಿ ಇದೆ ಅಂತ ಯೋಚಿಸುತ್ತಾ ಹೋದೆ. ನನಗೆ ಅಷ್ಟು ಸಂತೋಷ ಆಗಿದ್ದು ಯಾವಾಗ ಅಂತ ನೆನಪಿಲ್ಲ.

ಫ್ಯಾಕ್ಟರಿಯ ಗೇಟು ಮುಟ್ಟಿದಾಗ ಐದರ ಕೂಗು ಇನ್ನೂ ಆಗಿರಲಿಲ್ಲ. ಖಾಕಿ ಹಾಕಿದ್ದ ಸೆಕ್ಯುರಿಟಿಯವರು ಕಿಟಕಿಯಿಂದ ಕಾಗದಗಳನ್ನು ತೆಗೆದುಕೊಂಡರು. ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರು, ಪಾಸು ಬರೆದರು, ಠಸ್ಸೆ ಹಾಕಿದರು. ಎಲ್ಲ ಆದ ಮೇಲೆ ದಪ್ಪ ಪುಸ್ತಕ ತಿರುಗಿಸಿ, ನನ್ನನ್ನು ದಾಟಿ, ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆಗೆ ನೂಕಿದರು.

"ಸಾರ್, ಗಾಡಿ ಮಾಲೀಕರು ಇಲ್ಲಿ ಸಹಿ ಹಾಕ್ರಿ."

ಮೇಷ್ಟ್ರ ಜೇಬಿನಲ್ಲಿ ಯಾವಾಗಲೂ ಪೆನ್ನು ಇರುತ್ತದೆ. ಮನೆಗೆ ಬಂದ ಯಾವ ಕಾಗದಕ್ಕೂ ಸಹಿ ಹಾಕಿದವರು ಅವರೇ, ನನ್ನ ಸೊಸೈಟಿಯ ಸಕ್ಕರೆ ಕಾರ್ಡಿಗೂ ಅವರದೇ ಸಹಿ. ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು. ಪಾಸು ಸಿಕ್ಕಿತಲ್ಲ, ಸಹಿ ಯಾರದಾದರೇನು ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮನಸ್ಸು ಕೇಳುತ್ತಿರಲಿಲ್ಲ.

ಮೇಷ್ಟ್ರು ಆ ಪೆನ್ನನ್ನು ತಿರುಗಿಸಿ ನನ್ನ ಕೈಗೆ ಕೊಟ್ಟರು.

"ನಾನು ಕ್ಲೀನರ್ ಕಣ್ರಿ" ಅಂದರು ಸೆಕ್ಯುರಿಟಿಯವರಿಗೆ. "ಮಾಲೀಕರು ಇವರು. ಬಸವಣ್ಣೆಮ್ಮನವರು."

ಸಂಧಿ ಬಿಡಿಸದೆ, ನಾಲ್ಕು ಜನರ ಎದುರಿಗೆ ಅವರು ನನ್ನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಅವಳು, ಇವಳು ಅನ್ನಲಿಲ್ಲ, ಇವರು ಅಂದರು, ಹೆಸರಿನ ಕೊನೆಗೆ ನವರು ಹಚ್ಚಿದರು. ನನಗೆ ಕಣ್ಣಿನಲ್ಲಿ ನೀರು ತುಂಬಿ ಸಾಲು ಎಲ್ಲಿದೆ ಅಂತ ಕಾಣಲಿಲ್ಲ. ಸೆಕ್ಯುರಿಟಿಯವರು ಪುಸ್ತಕವನ್ನು ನನ್ನ ಮುಂದೆ ಎಳೆದು ಬೆರಳಿಟ್ಟು ತೋರಿಸಿ, "ಇಲ್ಲಿ ಹಾಕ್ರಿ ಮೇಡಂ" ಅಂದರು.

ಕನ್ನಡದಲ್ಲೇ ಹಾಕಿದೆ. ಣ್ಣೆ ಸ್ವಲ್ಪ ದೊಡ್ಡದಾಯಿತು, ಇರಲಿ. ಒಳಗೆ ಐದರ ಕೂಗು ಆಯಿತು, ಕೆಲಸ ಬಿಟ್ಟವರು ಸೈಕಲ್ಲು ತಳ್ಳಿಕೊಂಡು ಗೇಟಿನ ಕಡೆ ಬರತೊಡಗಿದರು. ಕ್ಯಾಂಟೀನು ಎಲ್ಲಿದೆ, ಸೋಮವಾರ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಒಂದು ಸಲ ಒಳಗೆ ಹೋಗಿ ನೋಡಿಕೊಂಡು ಬರ್ರಿ ಅಂತ ಸೆಕ್ಯುರಿಟಿಯವರು ಸರಪಳಿ ತೆಗೆದರು. ನಾನು ಸೀಟಿನ ಮೇಲೆ ಕೂತು ಮೇಷ್ಟ್ರಿಗೆ ಗೇಣಗಲ ಜಾಗ ಬಿಟ್ಟೆ.

"ಹತ್ರಿ ಕ್ಲೀನರ್ರೇ" ಅಂದೆ.

ಹತ್ತಿದರು.